3ಡಿ ಪ್ರಿಂಟ್ ಮಾಡಿದ ತುಂಡು ಎಷ್ಟು ಗಟ್ಟಿ? ಕಾಲೇಜು ಲ್ಯಾಬಿನಲ್ಲೇ ನಂಬುವಂಥ ಲೆಕ್ಕ ತೆಗೆಯುವ ಬಗೆ

ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಪ್ರಾಜೆಕ್ಟ್ ಸಮಯ ಬಂತೆಂದರೆ ಹುಡುಗರು ಬಂದು ಕೇಳುವುದು ಹೆಚ್ಚುಕಮ್ಮಿ ಇದನ್ನೇ: "ಸರ್, 3ಡಿ ಪ್ರಿಂಟಿಂಗ್‌ನಲ್ಲಿ ಏನಾದ್ರೂ ರಿಸರ್ಚ್ ಮಾಡ್ಬೇಕು, ಏನು ಮಾಡೋಣ?" ಪ್ರಿಂಟ್ ಆಗಿ ಬಂದ ತುಂಡು ಎಷ್ಟು ಭಾರ ತಡೆಯುತ್ತದೆ, ಎಲ್ಲಿ ಮುರಿಯುತ್ತದೆ, ಯಾಕೆ ಅಲ್ಲೇ ಮುರಿಯುತ್ತದೆ, ಇದರಿಂದ ಶುರು ಮಾಡಿ ಅಂತ ಹೇಳುತ್ತೇನೆ. ಸಣ್ಣ ಪ್ರಶ್ನೆ ಅನಿಸಬಹುದು. ಆದರೆ ರಾಕೆಟ್ ಮಾಡುವವರೂ ಇದೇ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು.

2024ರ ಮೇ 9ರಂದು ಇಸ್ರೋ, ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಪಿಎಸ್4 ಎಂಜಿನ್ನನ್ನು 3ಡಿ ಪ್ರಿಂಟ್ ಮಾಡಿ 665 ಸೆಕೆಂಡ್ ಉರಿಸಿ ನೋಡಿತು. ಮೊದಲು 14 ಬಿಡಿಭಾಗ ಸೇರಿಸಿ ಮಾಡುತ್ತಿದ್ದದ್ದು ಒಂದೇ ತುಂಡಾಯಿತು. 19 ಬೆಸುಗೆಗಳು ಬೇಡವೇ ಆದವು. ಅವರದು ಲೋಹದ ಪುಡಿಯನ್ನು ಲೇಸರ್‌ನಿಂದ ಕರಗಿಸುವ ವಿಧಾನ, ನಮ್ಮದು ಪ್ಲಾಸ್ಟಿಕ್ ದಾರ ಕರಗಿಸಿ ಸುರಿಯುವ ಯಂತ್ರ. ಆದರೂ ಒಂದು ಮಾತು ಎರಡಕ್ಕೂ ಸೇರಿದ್ದು. ಕಬ್ಬಿಣದ ರಾಡ್ ತಂದರೆ ಅದರ ಗುಣ ಮೊದಲೇ ಗೊತ್ತಿರುತ್ತದೆ, ನಾವು ಆಕಾರ ಕೊಡುತ್ತೇವೆ ಅಷ್ಟೆ. ಪ್ರಿಂಟಿಂಗ್‌ನಲ್ಲಿ ಆಕಾರವೂ ವಸ್ತುವಿನ ಗುಣವೂ ಒಟ್ಟಿಗೇ ತಯಾರಾಗುತ್ತವೆ. ಹಾಗಾಗಿ ಪ್ರಿಂಟ್ ಮಾಡುವಾಗ ನೀವು ಬದಲಿಸುವ ಒಂದೊಂದು ಸೆಟ್ಟಿಂಗೂ ಕೊನೆಯ ಉತ್ತರವನ್ನು ಬದಲಿಸುತ್ತದೆ.

ಒಂದನ್ನೇ ಬದಲಿಸಿ

ಲೇಯರ್ (ಒಂದೊಂದು ಪದರ) ದಪ್ಪ, ಶಾಖ, ವೇಗ, ಇನ್‌ಫಿಲ್ (ಒಳಗೆ ಎಷ್ಟು ಪಾಲು ತುಂಬಬೇಕು ಅನ್ನುವುದು), ಬಣ್ಣ, ಎಲ್ಲವನ್ನೂ ಒಂದೇ ಪ್ರಾಜೆಕ್ಟ್‌ಗೆ ತುರುಕಬೇಡಿ. ಮೊದಲ ಸಲಕ್ಕೆ ದಿಕ್ಕು ಸಾಕು. ಒಂದೇ ಆಕಾರದ ಸ್ಯಾಂಪಲ್ಲನ್ನು ಮಲಗಿಸಿ ಒಂದಷ್ಟು, ನಿಲ್ಲಿಸಿ ಒಂದಷ್ಟು ಪ್ರಿಂಟ್ ಮಾಡಿ, ಎರಡನ್ನೂ ಎಳೆದು ನೋಡಿ. ಕಟ್ಟಿಗೆಯನ್ನು ಎಳೆಯ ಗುಂಟ ಸೀಳುವುದು ಸುಲಭ, ಅಡ್ಡ ಮುರಿಯುವುದು ಕಷ್ಟ. ಇಲ್ಲೂ ಹಾಗೇ: ಲೇಯರ್‌ನಿಂದ ಲೇಯರ್ ಬಿಡಿಸುವಂತೆ ಎಳೆದರೆ ಬೇಗ ಕೈಕೊಡುತ್ತದೆ.

ಆಕಾರಕ್ಕೆ ಪ್ಲಾಸ್ಟಿಕ್ ಎಳೆದು ನೋಡುವ ಸ್ಟ್ಯಾಂಡರ್ಡ್ ಆದ ಎಎಸ್‌ಟಿಎಂ ಡಿ638ರ ಟೈಪ್ 1 ತೆಗೆದುಕೊಳ್ಳಿ, ತುದಿಗಳು ಅಗಲ, ನಡು ಸಣ್ಣ. ಉದ್ದ 165 ಮಿಲಿಮೀಟರ್, ತುದಿಯ ಅಗಲ 19, ನಡುವಿನ ಸಣ್ಣ ಭಾಗದ ಅಗಲ 13, ದಪ್ಪ 3.2. ಸಾಮಾನ್ಯ ಡೆಸ್ಕ್‌ಟಾಪ್ ಪ್ರಿಂಟರ್‌ನಲ್ಲಿ ಮಲಗಿಸಿದರೂ ಹಿಡಿಯುತ್ತದೆ, ನಿಲ್ಲಿಸಿದರೂ ಹಿಡಿಯುತ್ತದೆ. ಒಂದೊಂದು ದಿಕ್ಕಿಗೆ ಕನಿಷ್ಠ ಐದು ಸ್ಯಾಂಪಲ್ ಬೇಕು. ಮೂರೇ ಎಳೆದು ಸರಾಸರಿ ಬರೆಯುವುದನ್ನು ನಾನು ಒಪ್ಪುವುದಿಲ್ಲ.

ದಾರ ಒಣಗಿಸಿ

ನಾವು ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ಪಿಎಲ್‌ಎ, ಅದರ ದಾರ ಗಾಳಿಯ ತೇವ ಹೀರುತ್ತದೆ. ಜುಲೈ, ಆಗಸ್ಟ್‌ನಲ್ಲಿ ರೀಲನ್ನು ಸುಮ್ನೆ ಬೆಂಚಿನ ಮೇಲೆ ಬಿಟ್ಟರೆ ಪ್ರಿಂಟ್ ಆಗುವಾಗ ನಾಜಲ್‌ನಿಂದ (ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿ) ಚಟಪಟ ಸದ್ದು ಬರುತ್ತದೆ, ಗೆರೆಯಲ್ಲಿ ಗುಳ್ಳೆ ಕಾಣುತ್ತದೆ. ತೇವ ಆವಿಯಾಗಿ ಹೊರಡುವ ಸದ್ದು ಅದು. ಲ್ಯಾಬಿನ ಹಾಟ್ ಏರ್ ಅವನ್‌ನಲ್ಲಿ 45ರಿಂದ 50 ಡಿಗ್ರಿಯಲ್ಲಿ ನಾಲ್ಕರಿಂದ ಆರು ಗಂಟೆ ಇಡಿ. 60 ಡಿಗ್ರಿ ಸುತ್ತಮುತ್ತ ಪಿಎಲ್‌ಎ ಮೆತ್ತಗಾಗುತ್ತದೆ, ರೀಲಿನಲ್ಲಿ ಸುತ್ತು ಸುತ್ತು ಅಂಟಿಕೊಳ್ಳುತ್ತದೆ. ಅವನ್‌ನ ಡಯಲ್ ನಂಬದೆ ಒಳಗೊಂದು ಥರ್ಮಾಮೀಟರ್ ಇಡಿ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿಡಿ. ಪ್ರಿಂಟ್ ಆದ ಸ್ಯಾಂಪಲ್ಲನ್ನೂ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಬಾಗುತ್ತದೆ.

ಎಲ್ಲ ಸ್ಯಾಂಪಲ್ಲಿಗೂ ಒಂದೇ ರೀಲ್. ಬ್ಯಾಚ್ ನಂಬರ್ ಬರೆದಿಟ್ಟುಕೊಳ್ಳಿ. ಬಣ್ಣ ಕೂಡ ಬದಲಿಸಬೇಡಿ. ಬಣ್ಣಕ್ಕೆ ಸೇರಿಸುವ ಪುಡಿಯಿಂದಲೂ ಗಟ್ಟಿತನ ಸ್ವಲ್ಪ ಬದಲಾಗುತ್ತದೆ.

ಪ್ರಿಂಟ್ ಮಾಡುವಾಗ

0.4 ಮಿಲಿಮೀಟರ್ ನಾಜಲ್, 0.2 ಮಿಲಿಮೀಟರ್ ಲೇಯರ್, ನಾಜಲ್ ಶಾಖ 200ರಿಂದ 210 ಡಿಗ್ರಿ, ಬೆಡ್ (ತುಂಡು ಕೂರುವ ಬಿಸಿ ತಟ್ಟೆ) 60 ಡಿಗ್ರಿ. ಇದು ಪಿಎಲ್‌ಎಗೆ ಮಾಮೂಲಿ. ಇನ್‌ಫಿಲ್ 100 ಪರ್ಸೆಂಟ್ ಇಡಿ. 20 ಪರ್ಸೆಂಟ್ ಇನ್‌ಫಿಲ್ ಇಟ್ಟು, ಮುರಿದ ಭಾರವನ್ನು ಹೊರಗಿನ ಅಳತೆಯಿಂದ ಭಾಗಿಸಿದರೆ ಬರುವ ಸಂಖ್ಯೆ ಒಳಗಿನ ಜಾಲರಿಯದ್ದು, ಪಿಎಲ್‌ಎದ್ದಲ್ಲ.

ನಿಲ್ಲಿಸಿ ಪ್ರಿಂಟ್ ಮಾಡುವ ಸ್ಯಾಂಪಲ್ಲಿನ ಬುಡ ಬರೀ 19 ಗುಣಿಲೆ 3.2 ಮಿಲಿಮೀಟರ್. ಮೇಲೆ ಹೋದಂತೆ ಅಲ್ಲಾಡುತ್ತದೆ. ಬುಡದ ಸುತ್ತ ಅಗಲವಾದ ಬ್ರಿಮ್ (ಬೆಡ್‌ಗೆ ಅಂಟುವ ತೆಳು ಅಂಚು) ಹಾಕಿ, ವೇಗ ಕಡಿಮೆ ಮಾಡಿ. ಆ ಕಡಿಮೆ ವೇಗವನ್ನೇ ಮಲಗಿಸಿದ್ದಕ್ಕೂ ಇಡಬೇಕು.

ಇಲ್ಲೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಒಂದೇ ಸ್ಯಾಂಪಲ್ ನಿಲ್ಲಿಸಿ ಪ್ರಿಂಟ್ ಮಾಡಿದರೆ ಕೆಳಗಿನ ಲೇಯರ್ ಬಿಸಿ ಇರುವಾಗಲೇ ಮೇಲಿನದ್ದು ಬಂದು ಕೂರುತ್ತದೆ. ಐದನ್ನು ಒಟ್ಟಿಗೆ ಇಟ್ಟರೆ ನಾಜಲ್ ಎಲ್ಲವನ್ನೂ ಸುತ್ತಿ ಬರುವಷ್ಟರಲ್ಲಿ ಮೊದಲನೆಯದು ತಣ್ಣಗಾಗಿರುತ್ತದೆ, ಬೆಸುಗೆ ಸಡಿಲವಾಗುತ್ತದೆ. ಸೆಟ್ಟಿಂಗ್ ಎಲ್ಲ ಒಂದೇ, ಆದರೆ ಫಲಿತಾಂಶ ಬೇರೆ! ಆದ್ದರಿಂದ ಒಂದು ಸಲಕ್ಕೆ ಬೆಡ್ ಮೇಲೆ ಎಷ್ಟು ಇಡುತ್ತೀರೋ ಅಷ್ಟನ್ನೇ ಕೊನೆತನಕ ಇಡಿ, ರಿಪೋರ್ಟ್‌ನಲ್ಲೂ ಬರೆಯಿರಿ.

ಕರೆಂಟ್ ಹೋಗಿ ಬಂದರೆ ಪ್ರಿಂಟರ್ ನಿಂತಲ್ಲಿಂದ ಮುಂದುವರಿಸುತ್ತದೆ, ಹೊರಗಿನಿಂದ ನೋಡಲು ಏನೂ ಗೊತ್ತಾಗುವುದಿಲ್ಲ. ಆದರೆ ಆ ಜಾಗದಲ್ಲಿ ಬಿಸಿ ಲೇಯರ್ ತಣ್ಣನೆಯ ಲೇಯರ್ ಮೇಲೆ ಕೂತಿದೆ, ಎಳೆದಾಗ ಅಲ್ಲೇ ಬಿಡುತ್ತದೆ. ಅಂಥದ್ದನ್ನು ಪರೀಕ್ಷೆಗೆ ಸೇರಿಸಬೇಡಿ. ಯುಪಿಎಸ್ ಇದ್ದರೆ ಮೊದಲು ಪ್ರಿಂಟರ್‌ಗೆ ಕೊಡಿ.

ತೂಗಿ, ಅಳೆದು, ಆಮೇಲೆ ಎಳೆಯಿರಿ

ಟೈಪ್ 1 ಸ್ಯಾಂಪಲ್ಲಿನ ಗಾತ್ರ ಲೆಕ್ಕ ಹಾಕಿದರೆ ಸುಮಾರು 8.4 ಘನ ಸೆಂಟಿಮೀಟರ್. ಪಿಎಲ್‌ಎ ಸಾಂದ್ರತೆ ಘನ ಸೆಂಟಿಮೀಟರಿಗೆ 1.24 ಗ್ರಾಂ. ಅಂದರೆ ಪೂರ್ತಿ ತುಂಬಿದ್ದರೆ 10.4 ಗ್ರಾಂ ಆಸುಪಾಸು ತೂಗಬೇಕು. ನಿಮ್ಮದು 9.5 ಬಂದರೆ ಒಳಗೆ ಗಾಳಿ ಇದೆ, ದಾರ ಸರಿಯಾಗಿ ಬರುತ್ತಿಲ್ಲ ಎಂದರ್ಥ. ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿ ಸಾಕು, ಎರಡು ನಿಮಿಷದ ಕೆಲಸ. ಇದೊಂದನ್ನು ಮಾಡಿದರೆ ಎಷ್ಟೋ ಕೆಟ್ಟ ಸ್ಯಾಂಪಲ್ ಮೊದಲೇ ಸಿಕ್ಕಿಬೀಳುತ್ತವೆ.

ಅಗಲ, ದಪ್ಪವನ್ನು ಮೂರು ಕಡೆ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಡ್ರಾಯಿಂಗ್‌ನಲ್ಲಿ 3.2 ಇದೆ ಅಂತ ಅದನ್ನೇ ಬರೆಯಬೇಡಿ. ಅಳೆಯುವಾಗ ಮೊದಲ ಲೇಯರ್ ಅಂಚಿನಲ್ಲಿ ಉಬ್ಬಿರುತ್ತದೆ, ಅದನ್ನು ತಪ್ಪಿಸಿ.

ಈಗ ಯುಟಿಎಂ, ಅಂದರೆ ಸ್ಯಾಂಪಲ್ ಎಳೆದು ಮುರಿಯುವ ಯಂತ್ರ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇರುವುದು ಟಾರ್ ಸ್ಟೀಲ್ ಮುರಿಯುವ 400 ಅಥವಾ 600 ಕಿಲೋನ್ಯೂಟನ್ ಯಂತ್ರ. ನಮ್ಮ ಸ್ಯಾಂಪಲ್ಲಿನ ಅಡ್ಡಕೊಯ್ತ 13 ಗುಣಿಲೆ 3.2, ಅಂದರೆ 41.6 ಚದರ ಮಿಲಿಮೀಟರ್. 50 ಮೆಗಾಪ್ಯಾಸ್ಕಲ್‌ಗೆ (ಚದರ ಮಿಲಿಮೀಟರಿಗೆ 50 ನ್ಯೂಟನ್) ಮುರಿಯುತ್ತದೆ ಅಂದುಕೊಂಡರೂ ಬೇಕಾದ ಭಾರ ಸುಮಾರು 2 ಕಿಲೋನ್ಯೂಟನ್. 400ರ ಯಂತ್ರದಲ್ಲಿ ಇದು ಅರ್ಧ ಪರ್ಸೆಂಟ್. ಅಷ್ಟು ತಳದಲ್ಲಿ ಬರುವ ರೀಡಿಂಗನ್ನು ನಂಬಬೇಡಿ. 5 ಅಥವಾ 10 ಕಿಲೋನ್ಯೂಟನ್ ಲೋಡ್ ಸೆಲ್ (ಭಾರ ಅಳೆಯುವ ಭಾಗ) ಇರುವ ಸಣ್ಣ ಯಂತ್ರ ಹುಡುಕಿ. ಊರಲ್ಲಿ ಸಿಗದಿದ್ದರೆ ಪ್ಲಾಸ್ಟಿಕ್ ಪರೀಕ್ಷೆಗೆಂದೇ ಇರುವ ಮೈಸೂರಿನ ಸಿಪೆಟ್‌ನಲ್ಲಿ ವಿಚಾರಿಸಿ. ಎಳೆಯುವ ವೇಗ ನಿಮಿಷಕ್ಕೆ 5 ಮಿಲಿಮೀಟರ್. ಅದಕ್ಕೆ ಮೊದಲು ಸ್ಯಾಂಪಲ್ ಕನಿಷ್ಠ 40 ಗಂಟೆ 23 ಡಿಗ್ರಿ, 50 ಪರ್ಸೆಂಟ್ ತೇವದಲ್ಲಿ ಇರಬೇಕು ಅನ್ನುತ್ತದೆ ಸ್ಟ್ಯಾಂಡರ್ಡ್. ನಮ್ಮೂರ ಬೇಸಿಗೆಗೆ ಎಸಿ ರೂಮೇ ಬೇಕು. ಸಿಗದಿದ್ದರೆ ಆ ದಿನದ ಶಾಖ, ತೇವ ಎಷ್ಟಿತ್ತೋ ಅಷ್ಟನ್ನೇ ಬರೆಯಿರಿ.

ಸ್ಯಾಂಪಲ್ ಎಷ್ಟು ಹಿಗ್ಗಿತು ಅಂತ ಅದರ ಮೇಲೇ ಅಳೆಯುವ ಎಕ್ಸ್‌ಟೆನ್ಸೊಮೀಟರ್ ಇಲ್ಲದಿದ್ದರೆ ಮಾಡ್ಯುಲಸ್ (ಹಿಗ್ಗದೆ ಬಿಗಿಯಾಗಿರುವ ಗುಣದ ಅಳತೆ) ಬರೆಯಲೇಬೇಡಿ. ಯಂತ್ರದ ತಲೆ ಎಷ್ಟು ಸರಿಯಿತು ಅನ್ನುವುದರಲ್ಲಿ ಹಿಡಿಕೆಯ ಜಾರುವಿಕೆಯೂ ಸೇರಿರುತ್ತದೆ, ಅದು ಸ್ಯಾಂಪಲ್ ಹಿಗ್ಗಿದ ಲೆಕ್ಕ ಅಲ್ಲ. ಬರೀ ಸ್ಟ್ರೆಂತ್ ಬರೆದರೂ ರಿಪೋರ್ಟ್ ರಿಪೋರ್ಟೇ.

ಮಲಗಿಸಿದ ಸ್ಯಾಂಪಲ್ ನಡುವೆ ಮುರಿಯದೆ ಅಗಲ ಶುರುವಾಗುವ ತಿರುವಿನಲ್ಲಿ ಮುರಿಯುವುದುಂಟು. ಅಲ್ಲಿ ಪ್ರಿಂಟ್ ಗೆರೆಗಳು ಮುಗಿದು ಸಣ್ಣ ಸಣ್ಣ ಸಂದು ಉಳಿಯುತ್ತವೆ, ಬಿರುಕು ಅಲ್ಲಿಂದ ಹೊರಡುತ್ತದೆ. ಪದೇ ಪದೇ ಹೀಗಾದರೆ ನಾರು ಸೇರಿಸಿದ ಕಾಂಪೊಸಿಟ್ ವಸ್ತುಗಳವರು ಬಳಸುವ ಎಎಸ್‌ಟಿಎಂ ಡಿ3039ರ ನೇರ ಪಟ್ಟಿಗೆ ಬದಲಾಯಿಸಿ, ಎರಡು ತುದಿಗೂ ಹಿಡಿಕೆ ಕಚ್ಚುವ ಜಾಗದಲ್ಲಿ ಟ್ಯಾಬ್ (ಸಣ್ಣ ತುಂಡು) ಅಂಟಿಸಿ.

ಮುರಿದ ತುಂಡುಗಳನ್ನು ಎಸೆಯಬೇಡಿ. ಒಂದೊಂದನ್ನೂ ನಂಬರ್ ಬರೆದ ಕವರಿಗೆ ಹಾಕಿ, ಯುಎಸ್‌ಬಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿ. ನಿಲ್ಲಿಸಿ ಮಾಡಿದ್ದು ಚಾಕುವಿನಿಂದ ಕತ್ತರಿಸಿದ ಹಾಗೆ ಸಪಾಟಾಗಿ ಬಿಟ್ಟಿರುತ್ತದೆ, ಪಕ್ಕಪಕ್ಕದ ಗೆರೆಗಳ ಗುರುತು ಮಾತ್ರ ಮೇಲೆ ಕಾಣುತ್ತದೆ. ಮಲಗಿಸಿದ್ದರಲ್ಲಿ ಒಂದೊಂದು ಎಳೆಯೂ ಬೇರೆ ಬೇರೆ ಕಡೆ ತುಂಡಾಗಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಎಳೆದ ಜಾಗ ಬೆಳ್ಳಗಾಗಿರುತ್ತದೆ. ನಡುನಡುವೆ ತ್ರಿಕೋನದ ಸಣ್ಣ ಕಿಂಡಿಗಳು: ದುಂಡನೆ ಗೆರೆಗಳು ಪೂರ್ತಿ ಬೆರೆಯದೆ ಉಳಿದ ಜಾಗ. ತೂಕ ಕಡಿಮೆ ಬಂದದ್ದು ಯಾಕೆ ಅನ್ನುವುದು ಅಲ್ಲೇ ಕಾಣುತ್ತದೆ. ಈ ಫೋಟೋಗಳು ರಿಪೋರ್ಟ್‌ನಲ್ಲಿ ಇರಲೇಬೇಕು. ಇನ್ನೂ ಹತ್ತಿರದಿಂದ ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರ ಬೇಕಿದ್ದರೆ ಬೆಂಗಳೂರಿನ ಐಐಎಸ್‌ಸಿಯ ನ್ಯಾನೊ ಕೇಂದ್ರದಲ್ಲಿ ಹೊರಗಿನವರಿಗೂ ಶುಲ್ಕ ತೆಗೆದುಕೊಂಡು ಮಾಡಿಕೊಡುತ್ತಾರೆ.

ಹೊಟ್ಟಿನ ಬೂದಿ ಸೇರಿಸುವ ಆಸೆ ಇದ್ದರೆ

ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಊರು ಇದು. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಅದನ್ನು ಪಿಎಲ್‌ಎಗೆ ಬೆರೆಸಿ ದಾರ ಮಾಡೋಣ ಅಂತ ಯೋಚಿಸುವುದು ಸಹಜ, ನನಗೂ ಇಷ್ಟದ ವಿಷಯ. ಮೊದಲು ಮೇಲಿನದ್ದನ್ನೆಲ್ಲ ಬರೀ ಪಿಎಲ್‌ಎಯಲ್ಲಿ ಮುಗಿಸಿ. ಬೂದಿಯನ್ನು 75 ಮೈಕ್ರಾನ್ ಜರಡಿಯಲ್ಲಿ ಸೋಸಿ, ಒಣಗಿಸಿ. ಜಾಸ್ತಿ ಶಾಖದಲ್ಲಿ ಸುಟ್ಟ ಬೂದಿಯಲ್ಲಿ ಸಿಲಿಕಾ ಹರಳುಗಟ್ಟಿರುತ್ತದೆ, ಆ ಧೂಳು ಶ್ವಾಸಕೋಶಕ್ಕೆ ಅಪಾಯ. ಎನ್95 ಮಾಸ್ಕ್ ಇಲ್ಲದೆ ಮುಟ್ಟಬೇಡಿ, ಫ್ಯಾನ್ ಕೆಳಗೆ ಸೋಸಬೇಡಿ.

ಸಿಲಿಕಾ ಹಿತ್ತಾಳೆ ನಾಜಲ್ಲನ್ನು ಸವೆಸುತ್ತದೆ. ತೂತು ದೊಡ್ಡದಾದರೆ ಗೆರೆಯ ಅಗಲವೂ ಬದಲಾಗುತ್ತದೆ, ಹಾಗಾಗಿ ಹಾರ್ಡನ್ಡ್ ಸ್ಟೀಲ್ ನಾಜಲ್ ಹಾಕಿ. ಸ್ಟೀಲ್ ಹಿತ್ತಾಳೆಯಷ್ಟು ಚೆನ್ನಾಗಿ ಶಾಖ ದಾಟಿಸುವುದಿಲ್ಲ, 5ರಿಂದ 10 ಡಿಗ್ರಿ ಏರಿಸಬೇಕಾಗಬಹುದು. ಆಗ ಹಳೆಯ ಹಿತ್ತಾಳೆ ನಾಜಲ್ಲಿನ ಸಂಖ್ಯೆಗಳ ಜೊತೆ ಹೋಲಿಸಲು ಬರುವುದಿಲ್ಲ. ಬೂದಿ ಬೆರೆಸಿದ ದಾರ, ದಾರ ತೆಗೆಯುವ ಯಂತ್ರವಾದ ಎಕ್ಸ್‌ಟ್ರೂಡರ್‌ನಲ್ಲಿ ಒಮ್ಮೆ ಹೆಚ್ಚಿಗೆ ಕರಗಿರುತ್ತದೆ, ಅದರಿಂದಲೂ ಪಿಎಲ್‌ಎ ಸ್ವಲ್ಪ ಸೊರಗುತ್ತದೆ. ಆದ್ದರಿಂದ ಬೂದಿ ಇಲ್ಲದ ಪಿಎಲ್‌ಎಯನ್ನೂ ಅದೇ ಎಕ್ಸ್‌ಟ್ರೂಡರ್‌ನಲ್ಲಿ ಕರಗಿಸಿ ದಾರ ತೆಗೆದು, ಅದೇ ಸ್ಟೀಲ್ ನಾಜಲ್‌ನಲ್ಲಿ ಪ್ರಿಂಟ್ ಮಾಡಿ, ಐದೈದು ಸ್ಯಾಂಪಲ್ ಎಳೆದು, ಅದರ ಪಕ್ಕದಲ್ಲಿ ಬೂದಿ ಸೇರಿಸಿದ್ದರ ಸಂಖ್ಯೆ ಬರೆಯಿರಿ.