ಪಂಚಮಿಯ ಪಾಕ ಬಲ್ಲ ಕೈಗೆ ತೆರಿಯಾಕಿ ಚಿಕನ್

ಜಪಾನಿ ಭಾಷೆಯಲ್ಲಿ ‘ತೆರಿ’ ಎಂದರೆ ಹೊಳಪು, ‘ಯಾಕಿ’ ಎಂದರೆ ಸುಟ್ಟದ್ದು. ಮೀನನ್ನೋ ಕೋಳಿಯನ್ನೋ ಸುಡುತ್ತ, ಸೋಯಾ ಸಾಸಿನ ಸಿಹಿ ಪಾಕವನ್ನು ಮತ್ತೆ ಮತ್ತೆ ಸವರಿ ಮಿರುಗಿಸುವ ಅಡುಗೆ ಅದು. ವಿದ್ಯುತ್ ಪ್ರೆಶರ್ ಕುಕ್ಕರಿನಲ್ಲಿ ಮಾಂಸ ಮೆತ್ತಗೆ ಬೇಯುತ್ತದೆ, ಆದರೆ ಹೊಳಪು ಬರುವುದಿಲ್ಲ. ಅದನ್ನು ಮುಚ್ಚಳ ತೆಗೆದ ಮೇಲೆ ನಾವೇ ತರಬೇಕು. ನಾಗರ ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುವ ಹುಬ್ಬಳ್ಳಿ–ಧಾರವಾಡದ ಮನೆಗಳಿಗೆ ಪಾಕದ ಹದ ಹೇಳಿಕೊಡಬೇಕಾಗಿಲ್ಲ.

ನಾಲ್ಕು ಜನರಿಗೆ 750 ಗ್ರಾಂ ಕೋಳಿ ಸಾಕು. ಎದೆಯ ಮಾಂಸ ಬೇಡ, ಒತ್ತಡದಲ್ಲಿ ನಾರುನಾರಾಗುತ್ತದೆ. ತೊಡೆಯ ಭಾಗದ ಎಲುಬು ತೆಗೆಸಿ, ಎರಡು ಇಂಚಿನ ತುಂಡು ಮಾಡಿಸಿ ತನ್ನಿ.

ಸೋಯಾ ಸಾಸ್ ಅರ್ಧ ಕಪ್. ಗೋಬಿ ಮಂಚೂರಿಗೆ ಬಣ್ಣ ಕೊಡುವ ದಟ್ಟ ಕಪ್ಪು ಸಾಸ್ ಇಲ್ಲಿ ಹೊಂದುವುದಿಲ್ಲ, ತೆಳುವಾದ ‘ಲೈಟ್’ ಸಾಸ್ ಕೇಳಿ. ಧಾರವಾಡದ ಸುತ್ತ ಮುಂಗಾರಿನಲ್ಲಿ ಸೋಯಾ ಬೆಳೆಯುವ ಹೊಲಗಳು ಬೇಕಾದಷ್ಟಿವೆ. ಆದರೆ ಆ ಕಾಳನ್ನು ಗೋಧಿಯೊಂದಿಗೆ ತಿಂಗಳುಗಟ್ಟಲೆ ಹುದುಗಿಸಿದ ರಸವನ್ನು ಅಂಗಡಿಯಿಂದಲೇ ತರಬೇಕು. ಸಾಸಿನಲ್ಲೇ ಸಾಕಷ್ಟು ಉಪ್ಪಿರುವುದರಿಂದ ಬೇರೆ ಉಪ್ಪು ಹಾಕಬೇಡಿ.

ಜಪಾನಿನಲ್ಲಿ ಸಿಹಿಗೂ ಹೊಳಪಿಗೂ ಮಿರಿನ್ ಎಂಬ ಅಕ್ಕಿಯ ಸಿಹಿ ಮದ್ಯ ಬಳಸುತ್ತಾರೆ. ನಾನು ಅದರ ಬದಲು 100 ಗ್ರಾಂ ಬೆಲ್ಲವನ್ನು ಅರ್ಧ ಕಪ್ ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಒಂದು ದೊಡ್ಡ ಚಮಚ ವಿನೆಗರ್ ಸೇರಿಸುತ್ತೇನೆ. ಇದಕ್ಕೆ ಸೋಯಾ ಸಾಸ್, ಒಂದಿಂಚು ಹಸಿ ಶುಂಠಿಯ ತುರಿ, ಜಜ್ಜಿದ ಐದು ಎಸಳು ಬೆಳ್ಳುಳ್ಳಿ ಬೆರೆಸಿದರೆ ರಸ ಸಿದ್ಧ.

ಕುಕ್ಕರನ್ನು ಹುರಿಯುವ ಕ್ರಮಕ್ಕೆ (‘ಸಾಟೆ’ ಗುಂಡಿ) ಹಾಕಿ, ಒಂದು ಚಮಚ ಎಣ್ಣೆಯಲ್ಲಿ ತುಂಡುಗಳ ಎರಡೂ ಬದಿ ಕೆಂಪಾಗಿಸಿ. ರಸ ಸುರಿದು, ತಳಕ್ಕೆ ಅಂಟಿದ್ದನ್ನೆಲ್ಲ ಮರದ ಸೌಟಿನಿಂದ ಕೆರೆದು ಬಿಡಿಸಿ. ಈ ಕೆಲಸದಲ್ಲಿ ಉದಾಸೀನ ಬೇಡ. ಮೊದಲ ಸಲ ನಾನು ಕಾರ್ನ್‌ಫ್ಲೋರನ್ನೂ ಆಗಲೇ ಹಾಕಿಬಿಟ್ಟಿದ್ದೆ. ಹಿಟ್ಟು ತಳಕ್ಕಿಳಿದು ಸೀದು, ಒತ್ತಡ ತುಂಬುವ ಮೊದಲೇ ಕುಕ್ಕರ್ ಎಚ್ಚರಿಕೆ ತೋರಿಸಿ ನಿಂತಿತು. ಅರ್ಧ ಬೆಂದ ಕೋಳಿಯನ್ನು ಬೇರೆ ಪಾತ್ರೆಗೆ ಹಾಕಿ ಗ್ಯಾಸಿನ ಮೇಲೆ ಬೇಯಿಸಬೇಕಾಯಿತು.

ಮುಚ್ಚಳ ಹಾಕಿ, ಆವಿಯ ಕವಾಟ ಮುಚ್ಚಿ, ಹೆಚ್ಚಿನ ಒತ್ತಡದಲ್ಲಿ ಎಂಟು ನಿಮಿಷ ಇಡಿ. ಇದು ಸೀಟಿ ಹೊಡೆಯುವ ಕುಕ್ಕರಲ್ಲ. ಮುಚ್ಚಳದ ಸಣ್ಣ ಪಿನ್ ಮೇಲೇರಿದ ನಂತರವೇ ಎಂಟು ನಿಮಿಷದ ಎಣಿಕೆ ಶುರುವಾಗುತ್ತದೆ. ಮುಗಿದ ಮೇಲೆ ಐದು ನಿಮಿಷ ಹಾಗೇ ಬಿಟ್ಟು, ಮುಖ ದೂರವಿಟ್ಟು ಉದ್ದನೆಯ ಚಮಚದಿಂದ ಕವಾಟ ಸರಿಸಿ. ನಡುವೆ ಕರೆಂಟ್ ಹೋದರೆ ಪಿನ್ ತಾನಾಗಿ ಇಳಿಯುವವರೆಗೆ ಮುಚ್ಚಳಕ್ಕೆ ಕೈ ಹಚ್ಚಬೇಡಿ. ಆಮೇಲೆ ಒಂದು ತುಂಡು ಮುರಿದು ನೋಡಿ, ಒಳಗೆ ಗುಲಾಬಿ ಬಣ್ಣ ಉಳಿದಿದ್ದರೆ ಇನ್ನಷ್ಟು ಬೇಯಿಸಿ.

ಈಗ ತುಂಡುಗಳನ್ನು ತಾಟಿಗೆ ತೆಗೆದಿಟ್ಟು, ಮತ್ತೆ ಹುರಿಯುವ ಕ್ರಮ ಒತ್ತಿ. ಕೋಳಿ ಬಿಟ್ಟ ನೀರು ಸೇರಿ ರಸ ಸಾರಿನಷ್ಟು ತೆಳ್ಳಗಿರುತ್ತದೆ. ಐದಾರು ನಿಮಿಷ ಕುದಿಯಲಿ. ಒಂದೂವರೆ ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ಮೂರು ಚಮಚ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಧಾರೆಯಾಗಿ ಸುರಿಯುತ್ತ ಕೈಯಾಡಿಸಿ. ಗಿರಣಿಯಲ್ಲಿ ಬೀಸಿದ ಗೋವಿನಜೋಳದ ಹಿಟ್ಟು ಹಾಕಿದರೆ ಅಂಬಲಿಯಾಗುತ್ತದೆ, ಬಿಳಿಯ ನುಣ್ಣನೆಯ ಪಿಷ್ಟವೇ ಬೇಕು. ಮೊದಲು ನೊರೆಯಂತೆ ಚಿಕ್ಕ ಗುಳ್ಳೆಗಳು ಏಳುತ್ತವೆ. ನೋಡನೋಡುತ್ತ ಅವು ದೊಡ್ಡದಾಗಿ, ಸಾವಕಾಶವಾಗಿ ಒಡೆಯತೊಡಗುತ್ತವೆ, ಮೇಲ್ಮೈ ಕನ್ನಡಿಯಾಗುತ್ತದೆ. ಸೌಟಿನ ಬೆನ್ನನ್ನು ಅದ್ದಿ ತೆಗೆದು, ಸ್ವಲ್ಪ ಆರಿದ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಕೂಡಿಕೊಳ್ಳದೆ ನಿಂತರೆ ಹದ ಬಂತು, ಕುಕ್ಕರ್ ಆರಿಸಿ. ಉಂಡಿಯ ಪಾಕದಂತೆ ನೀರಿಗೆ ಹಾಕಿ ಗುಂಡು ಕಟ್ಟುವವರೆಗೆ ಕಾಯಬಾರದು, ಅಷ್ಟು ಬಿಟ್ಟರೆ ಅಂಟಾಗಿ ಕಹಿಯೇರುತ್ತದೆ.

ತುಂಡುಗಳನ್ನು ಪಾಕದಲ್ಲಿ ಹೊರಳಿಸಿ, ಹುರಿದ ಬಿಳಿ ಎಳ್ಳು ಉದುರಿಸಿ. ಬಿಸಿ ಅನ್ನವೇ ಇದಕ್ಕೆ ಸರಿಯಾದ ಜೊತೆ, ಜೋಳದ ರೊಟ್ಟಿಗೆ ಈ ಸಿಹಿ ಒಗ್ಗದು. ಪಕ್ಕದಲ್ಲಿ ಹಸಿ ಸವತೆಕಾಯಿ, ಈರುಳ್ಳಿ ಇರಲಿ. ಖಾರ ಬೇಕೆನ್ನುವವರು ಬ್ಯಾಡಗಿ ಮೆಣಸಿನಕಾಯಿ ಮುರಿದು ಎಳ್ಳಿನೊಂದಿಗೆ ಉದುರಿಸಿದರೆ ಬಣ್ಣವೂ ಏರುತ್ತದೆ. ಉಳಿದದ್ದು ಫ್ರಿಜ್‌ನಲ್ಲಿ ಗಟ್ಟಿಯಾಗುತ್ತದೆ. ಮರುದಿನ ಎರಡು ಚಮಚ ನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ.