ಮೊದಲ ಮಾತ್ರೆಗಿಂತ ಮೊದಲು ಸ್ಯಾಂಪಲ್: ನನ್ನ ಅನುಭವ

ಮದುವೆ ಊಟ, ಜಾತ್ರೆ ಪ್ರಸಾದ ತಿಂದು ವಾಂತಿಭೇದಿ ಎದ್ದಾಗಲೆಲ್ಲ ಲ್ಯಾಬ್ ವರದಿಯ ನಮೂನೆಯಾದ ಎಲ್ ಫಾರ್ಮ್‌ನಲ್ಲಿ 'ಏನೂ ಬೆಳೆದಿಲ್ಲ' ಎಂದು ಬರೆಯುವುದೇ ನಮ್ಮ ಜಿಲ್ಲಾ ಲ್ಯಾಬಿನ ಹಣೆಬರಹ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ತಪ್ಪು ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನದಲ್ಲ. ತಂಡ ಊರು ಮುಟ್ಟುವಷ್ಟರಲ್ಲಿ ರೋಗಿಗಳ ಹೊಟ್ಟೆಗೆ ಆಂಟಿಬಯಾಟಿಕ್ ಬಿದ್ದಿರುತ್ತದೆ, ಉಳಿದ ಸಾರು ತಿಪ್ಪೆ ಸೇರಿರುತ್ತದೆ.

ಅದಕ್ಕೇ ಕಿಟ್ಟನ್ನು ಮೊದಲೇ ಪಿಎಚ್‌ಸಿಗಳಿಗೆ ಕಳಿಸಿಟ್ಟೆ: 10 ಕ್ಯಾರಿ-ಬ್ಲೇರ್ ಟ್ಯೂಬು (ಲ್ಯಾಬ್ ಮುಟ್ಟುವವರೆಗೆ ಮಲದಲ್ಲಿನ ಬ್ಯಾಕ್ಟೀರಿಯಾ ಸಾಯದಂತೆ ಕಾಯುವ ಮೀಡಿಯಾ ಇರುವಂಥದು), ಮಲ ತೆಗೆಯಲು 10 ಸ್ವಾಬು (ಹತ್ತಿ ಸುತ್ತಿದ ಕಡ್ಡಿ), ಉಳಿದ ಅಡುಗೆಗೆ ಎರಡು ಸ್ಟೆರೈಲ್ ಡಬ್ಬಿ. ಮೊದಲ ಐದು ರೋಗಿಗಳ ಸ್ಯಾಂಪಲ್ ಮಾತ್ರೆಗಿಂತ ಮುಂಚೆಯೇ ತೆಗೆಯಬೇಕು. 'ನರ್ಸುಗಳಿಗೆ ಪುರುಸೊತ್ತೆಲ್ಲಿ' ಎಂದವರೇ ಹೆಚ್ಚು.

ನಾವು ಶುರು ಮಾಡಿದಾಗ ರೆಡಿ ಟ್ಯೂಬಿಗೆ 40 ರೂಪಾಯಿ ಆಸುಪಾಸು ಇತ್ತು. ಪೌಡರ್ ತಂದು ನಾವೇ ಮಾಡಿದರೆ 12ಕ್ಕೆ ಮುಗಿಯುತ್ತಿತ್ತು. ಆದರೆ ಮೊದಲ ಬ್ಯಾಚನ್ನು ರೂಢಿಯಂತೆ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ) ಕೆಡಿಸಿದೆವು. ಇದಕ್ಕೆ ಒತ್ತಡವಿಲ್ಲದ ಬರೀ ಹಬೆ, 15 ನಿಮಿಷ, ಪಿಎಚ್ 8.4. ಎರಡನೆಯದರಲ್ಲಿ ಮುಚ್ಚಳ ಸಡಿಲವಾಗಿತ್ತು, ಏಪ್ರಿಲ್ ಬಿಸಿಲಿಗೆ ಮೀಡಿಯಾ ಕುಗ್ಗಿ ಗೋಡೆ ಬಿಟ್ಟಿತು. ಆಮೇಲೆ ಸ್ವಾಬಿನ ಕಡ್ಡಿ ಮುರಿಯದೆ ಹಾಗೇ ಹಾಕಿದ್ದು, ಒಂದು ಕಡೆ ಫ್ರೀಜರಿಗೇ ತುರುಕಿದ್ದು. ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾಕ್ಕೆ ತಂಪು ಬೇಕು, ಹೆಪ್ಪುಗಟ್ಟಿಸಬಾರದು. ಕಾಲರಾ ಅನುಮಾನವಿದ್ದರೆ ಇನ್ನೊಂದು ಟ್ಯೂಬು ಫ್ರಿಜ್‌ನ ಹೊರಗೇ ಇರಲಿ. ಸ್ವಾಬಿಗೆ ಮಲದ ಬಣ್ಣ ಅಂಟಿಲ್ಲದಿದ್ದರೆ ಅದು ಸ್ಯಾಂಪಲ್ಲೇ ಅಲ್ಲ.

ಎಕ್ಸ್‌ಎಲ್‌ಡಿಯಲ್ಲಿ (ಭೇದಿಯ ಬ್ಯಾಕ್ಟೀರಿಯಾ ಬೆಳೆಸುವ ಒಂದು ಬಗೆಯ ಪ್ಲೇಟು) ಬೆಳೆದ ಚುಕ್ಕೆಗೆ ಕಪ್ಪು ನಡು ಕಂಡೊಡನೆ ಸಾಲ್ಮೊನೆಲ್ಲಾ ಎಂದು, ಅದನ್ನು ಖಚಿತಪಡಿಸುವ ಆ್ಯಂಟಿಸೀರಂ ಬಾಟಲಿ ತೆರೆಯಬೇಡಿ. ಅದರ ಬೆಲೆ ಸಾವಿರಗಳಲ್ಲಿದೆ, ಪ್ರೋಟಿಯಸ್ ಎಂಬ ಬೇರೆ ಬ್ಯಾಕ್ಟೀರಿಯಾ ಕೂಡ ಹಾಗೇ ಕಾಣುತ್ತದೆ. ಮೊದಲು ಇವೆರಡನ್ನು ಬೇರ್ಪಡಿಸುವ ಯೂರಿಯೇಸ್ ಪರೀಕ್ಷೆ ಹಾಕಿ. ನಮ್ಮಲ್ಲಿ ಅರ್ಧದಷ್ಟು ಅಲ್ಲೇ ಸೋಸಿಹೋದವು. ಕಾಲರಾ ಹುಡುಕುವಾಗ, ಸ್ಯಾಂಪಲ್ ಹಾಕಿದ ಆಲ್ಕಲೈನ್ ಪೆಪ್ಟೋನ್ ನೀರನ್ನು (ಕಾಲರಾ ಜೀವಿಯನ್ನು ಹೆಚ್ಚಿಸುವ ದ್ರವ) 6 ಗಂಟೆಯಾದ ಮೇಲೆ ಅಲುಗಾಡಿಸದೆ ಮೇಲ್ಪದರದಿಂದಲೇ ತೆಗೆದು ಕಾಲರಾದ ಪ್ಲೇಟಾದ ಟಿಸಿಬಿಎಸ್ ಮೇಲೆ ಎಳೆಯಿರಿ.

ಉಂಡ 1ರಿಂದ 6 ಗಂಟೆಯೊಳಗೆ ವಾಂತಿಯೇ ಜೋರಾಗಿದ್ದರೆ ಮಲಕ್ಕಿಂತ ಅಡುಗೆ ಮುಖ್ಯ. ಅದನ್ನು ಮತ್ತೆ ಕುದಿಸಿದ್ದರೆ ಇಂಥ ವಾಂತಿ ತರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಸತ್ತಿರುತ್ತದೆ, ಅದು ಬಿಟ್ಟ ವಿಷ ಉಳಿದಿರುತ್ತದೆ. ಕಲ್ಚರ್ ನೆಗೆಟಿವ್ ಬಂತೆಂದು ಆ ಅಡುಗೆಯಲ್ಲಿ ದೋಷವಿಲ್ಲ ಎಂದು ಬಿಟ್ಟುಬಿಡಬೇಡಿ.

ಮೊದಲು ಹತ್ತು ಪ್ರಕರಣಕ್ಕೆ ಒಂದರಲ್ಲಿ ಜೀವಿ ಸಿಗುತ್ತಿತ್ತು. ಈ ಎರಡು ವರ್ಷದ ಸುಮಾರು 14ರಲ್ಲಿ 9ಕ್ಕೆ ಹೆಸರು ಕೊಟ್ಟಿದ್ದೇವೆ, ಅನುಮಾನಿಸಿದವರೇ ಈಗ ಕಿಟ್ ಕೇಳುತ್ತಿದ್ದಾರೆ. ಟ್ಯೂಬುಗಳು ಅದೇ ರಾತ್ರಿ ಲ್ಯಾಬ್ ಸೇರುವ ಏರ್ಪಾಡು ಹೇಗೆಂಬುದನ್ನು ಮಾತ್ರ ಸದ್ಯಕ್ಕೆ ಬಿಚ್ಚಿಡುವುದಿಲ್ಲ.

ನಡುವೆ ಒಂದು ಹಾಸ್ಟೆಲ್ ಚರಂಡಿಯಲ್ಲಿ, ಹರಿವ ನೀರಿನ ಬ್ಯಾಕ್ಟೀರಿಯಾ ಹಿಡಿಯುವ 'ಮೂರ್ ಸ್ವಾಬ್'ಗಳನ್ನೂ ಇಳಿಬಿಟ್ಟೆ. ಗಾಜ್ ಬಟ್ಟೆ ಮಡಚಿ, ತಂತಿಯಲ್ಲಿ ಬಿಗಿದು, 48 ಗಂಟೆ. ನಾಲ್ಕರಲ್ಲಿ ಒಂದು ಕೊಚ್ಚಿಹೋಯಿತು, ಒಂದರಲ್ಲಿ ಸಾಲ್ಮೊನೆಲ್ಲಾ ಬಂತು, ಟೈಫಾಯ್ಡ್ ತರುವ ಟೈಫಿ ಬಗೆ ಬರಲಿಲ್ಲ. ಮಳೆಗಾಲ ಕಳೆದ ಮೇಲೆ ತಂತಿ ದಪ್ಪದ್ದು ಹಾಕಿ ಮತ್ತೆ ನೋಡಬೇಕು.