ಎಂಜಿನ್ ಇಳಿಸಿ ಬ್ಯಾಟರಿ ಏರಿಸಿದ ಟಿಲ್ಲರ್

ಎಂಜಿನ್ ಸೀಜ್ ಆಗಿ ಎರಡು ಮಳೆಗಾಲ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಪವರ್ ಟಿಲ್ಲರನ್ನು ತೂಕಕ್ಕೆ ಹಾಕಿಬಿಡೋಣ ಎಂದು ಅಪ್ಪ ಹೇಳುತ್ತಲೇ ಇದ್ದರು. ಗೇರ್‌ಬಾಕ್ಸ್ ಗಟ್ಟಿಯಾಗಿತ್ತು, ನನಗೆ ಮನಸ್ಸು ಬರಲಿಲ್ಲ. ಮೈಸೂರಿನ ಗುಜರಿ ಅಂಗಡಿಯಲ್ಲಿ ಮುರಿದ ಇ-ರಿಕ್ಷಾದ 48 ವೋಲ್ಟ್, 1,500 ವ್ಯಾಟ್ ಮೋಟಾರು ಮತ್ತು ಅದರ ವೇಗ ಹಿಡಿತದಲ್ಲಿಡುವ ಕಂಟ್ರೋಲರ್ ಸಿಕ್ಕವು. ಹಳೆಯ 12 ವೋಲ್ಟ್ ಬ್ಯಾಟರಿ ಆರಿಸಲು ಕಾರಿನ ಹೆಡ್‌ಲೈಟ್ ಬಲ್ಬ್ ಒಯ್ದಿದ್ದೆ. ಬಲ್ಬ್ ಉರಿಸಿ ಹತ್ತು ನಿಮಿಷ ಮೀಟರಿನಲ್ಲಿ ವೋಲ್ಟ್ ಎಷ್ಟು ಇಳಿಯುತ್ತದೆಂದು ನೋಡುತ್ತ ಕುಳಿತರೆ ಬ್ಯಾಟರಿಯ ಬಣ್ಣ ಬಯಲಾಗುತ್ತದೆ. ಹನ್ನೊಂದರಲ್ಲಿ ನಾಲ್ಕು ಪಾಸಾದವು, 48 ವೋಲ್ಟಿಗೆ ಅಷ್ಟು ಸಾಕು. ಅಷ್ಟರಲ್ಲಿ ಅಂಗಡಿಯವರಿಗೆ ನಾನು ಸಾಕಾಗಿ ಹೋಗಿದ್ದೆ.

ತಂತಿ ಜೋಡಿಸಿದ್ದು ಒಂದು ಭಾನುವಾರದ ಕೆಲಸ. ಒಂದೂವರೆ ತಿಂಗಳು ತಿಂದದ್ದು ಗೇರ್‌ಬಾಕ್ಸಿಗೆ ಹೋಗುವ ಬೆಲ್ಟನ್ನು ತಿರುಗಿಸುವ ಪುಲ್ಲಿ. ರಿಕ್ಷಾ ಮೋಟಾರಿನ ಶಾಫ್ಟ್ ನೇರವಾಗಿ ಡಿಫರೆನ್ಷಿಯಲ್‌ಗೆ, ಅಂದರೆ ಹಿಂದಿನ ಚಕ್ರಗಳನ್ನು ತಿರುಗಿಸುವ ಗೇರುಗಳಿಗೆ, ಕೂರಲೆಂದು ಮಾಡಿದ್ದು. ಬೆಲ್ಟ್ ಪಕ್ಕಕ್ಕೆ ಎಳೆದರೆ ಅದಕ್ಕೆ ಒಗ್ಗದು. ನಾನು ಪುಲ್ಲಿಯನ್ನು ಅದಕ್ಕೇ ವೆಲ್ಡ್ ಮಾಡಿಸಿದೆ. ಮೂರನೆಯ ದಿನ ಬೇರಿಂಗ್ ಕಿರುಗುಟ್ಟಿತು. ಮಂಡ್ಯದ ಲೇತ್ ಅಂಗಡಿಯವರು ನೋಡಿ, "ನೊಗವನ್ನು ಎತ್ತಿನ ಬಾಲಕ್ಕೆ ಕಟ್ಟಿದ್ದೀರಲ್ಲ ಸ್ವಾಮಿ" ಎಂದರು. ಎರಡು ಬೇರಿಂಗ್‌ಗಳ ಮೇಲೆ ಬೇರೆಯದೇ ಶಾಫ್ಟ್ ಕೂರಿಸಿ, ಪುಲ್ಲಿಯನ್ನು ಅದಕ್ಕೆ ಹಾಕಿ, ಅದನ್ನು ಮೋಟಾರಿನ ಶಾಫ್ಟಿಗೆ ಜೋಡಿಸುವ ಕಪ್ಲಿಂಗ್ ಕೊಟ್ಟರು. ಮೋಟಾರು ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ, ಹಳೆಯ ಎಂಜಿನ್ 2,000. ಹಾಗಾಗಿ ಎಂಜಿನ್ ಪುಲ್ಲಿಯ ಮೂರರಲ್ಲಿ ಎರಡರಷ್ಟು ಗಾತ್ರದ ಪುಲ್ಲಿ ಸಾಕಾಯಿತು.

ಸೀಸದ ಬ್ಯಾಟರಿ ಬಲು ಭಾರ ಎಂದು ಎಲ್ಲರೂ ದೂರುತ್ತಾರೆ. ಎಂಜಿನ್ ಇಳಿಸಿದ ಮೇಲೆ ಟಿಲ್ಲರಿನ ಮೂತಿ ಮೇಲೇಳುತ್ತಿತ್ತು. ತಲಾ ಸುಮಾರು 30 ಕೆ.ಜಿ. ತೂಗುವ ನಾಲ್ಕು ಬ್ಯಾಟರಿಗಳನ್ನೂ ಅಲ್ಲಿಯೇ ಕೂರಿಸಿದೆ, ತಕ್ಕಡಿ ಸಮವಾಯಿತು. ಕೊನೆಯ ನಟ್ಟು ಬಿಗಿಯುವಾಗ ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್‌ಗಳಿಗೆ ಅಡ್ಡ ಬಿತ್ತು. ಫಟ್ ಎಂದು ಕಿಡಿ. ಕಬ್ಬಿಣದ ಅಂಚು ಅಕ್ಕಿಕಾಳಿನಷ್ಟು ಕರಗಿತ್ತು. ಈಗ ಸ್ಪ್ಯಾನರಿನ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿಯೇ ಕೈ ಹಾಕುತ್ತೇನೆ.

ಎರಡು ಅಶ್ವಶಕ್ತಿಯ ಮೋಟಾರಿನಿಂದ ಡೀಸೆಲ್ ಎಂಜಿನ್ನಿನ ಕೆಲಸವನ್ನೆಲ್ಲ ಕೇಳಬಾರದು. ಕೆಳಗಿನ ಗೇರಿನಲ್ಲಿ ಹಿಪ್ಪುನೇರಳೆ ಸಾಲುಗಳ ನಡುವೆ ಮಣ್ಣನ್ನು ತೆಳುವಾಗಿ ಕೆದಕುತ್ತದೆ, ಸೊಪ್ಪಿನ ಟ್ರೈಲರ್ ಎಳೆಯುತ್ತದೆ. ಒಂದು ಚಾರ್ಜಿಗೆ ಗಂಟೆಯ ದುಡಿಮೆ. ಗದ್ದೆಯ ಕೆಸರಿಗೆ ಇಳಿಸುವುದಿಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟಾಗ ಬಾಡಿಗೆ ಟ್ರ್ಯಾಕ್ಟರಿಗೇ ಕಾಯಬೇಕು. ಸದ್ದಿಲ್ಲದ್ದರಿಂದ ಅಪ್ಪ, ಚಾಲೂ ಆಗಿದೆಯೋ ಇಲ್ಲವೋ ಎಂದು ಬೆಲ್ಟ್ ಮುಟ್ಟಿ ನೋಡಲು ಹೋಗಿದ್ದರು. ಮರುದಿನವೇ ಬೆಲ್ಟಿಗೆ ತಗಡಿನ ಮುಚ್ಚಳ ಹೊದಿಸಿ, ಹ್ಯಾಂಡಲಿಗೆ ಒಂದು ಕೆಂಪು ದೀಪ ಹಾಕಿದೆ.